ಠಾಣೆಯ ದಫ್ತರದಲ್ಲೇ ಉಳಿದ ನಕ್ಷೆ

ಮದ್ರಾಸ್ ಪ್ರಾಂತ್ಯದ ಕಾಲದಿಂದ ದಕ್ಷಿಣ ಭಾರತದ ಪೊಲೀಸ್ ಠಾಣೆಗಳಲ್ಲಿ ‘ಠಾಣೆಯ ಅಪರಾಧ ಚರಿತ್ರೆ’ ಎಂಬ ದಫ್ತರವೊಂದು ನಡೆದುಬಂದಿದೆ. ಅದರ ಒಂದು ಭಾಗದಲ್ಲಿ, ಸರಹದ್ದಿನೊಳಗೆ ಕಳವು, ಕನ್ನ, ದರೋಡೆ ಎಲ್ಲೆಲ್ಲಿ ಆಯಿತೆಂದು ಗುರುತು ಹಾಕಿದ ನಕ್ಷೆ ಇರಬೇಕು. ಇನ್ನೊಂದು ಭಾಗದಲ್ಲಿ ಹಿಂದೆ ಶಿಕ್ಷೆಯಾದವರ, ಪೊಲೀಸರ ಕಣ್ಣಿಗೆ ಸಂಶಯಾಸ್ಪದರೆಂದು ಕಂಡವರ ಹಿಸ್ಟರಿ ಶೀಟುಗಳು. ಒಂದೇ ರಟ್ಟಿನೊಳಗೆ ಎರಡು ಬಗೆಯ ತಿಳಿವಳಿಕೆ: ಅಪರಾಧ ಎಲ್ಲಿ, ಯಾವ ಹೊತ್ತಿನಲ್ಲಿ ಆಗುತ್ತದೆ ಎಂಬುದು ಒಂದು, ಅದನ್ನು ಮಾಡುವವರು ಯಾರು ಎಂಬುದು ಮತ್ತೊಂದು. ನೂರು ವರ್ಷಕ್ಕೂ ಮಿಕ್ಕ ಅವಧಿಯಲ್ಲಿ ಎರಡನೆಯದು ಕಾಯ್ದೆಯಾಗಿ, ಬೇಲಿ ಹಾಕಿದ ವಸಾಹತಾಗಿ, ರೌಡಿ ಪಟ್ಟಿಯಾಗಿ ಬೆಳೆಯಿತು. ಮೊದಲನೆಯದು ಠಾಣೆಯ ಹೊಸ್ತಿಲನ್ನು ದಾಟಲಿಲ್ಲ. ಬೀದಿಗೆ ದೀಪ ಹಾಕುವವರ, ಬಸ್ಸು ಓಡಿಸುವವರ, ಖಾಲಿ ನಿವೇಶನ ಶುಚಿ ಮಾಡಿಸುವವರ ಮೇಜಿಗೆ ಅದು ಹೋಗಲೇ ಇಲ್ಲ. ಬೆಂಗಳೂರಿನಂಥ ನಗರದಲ್ಲಿ ಅಪರಾಧ ತಡೆಯುವ ಕೆಲಸ ಇಷ್ಟು ಹಿಂದುಳಿಯಲು ಇದೇ ಮುಖ್ಯ ಕಾರಣ ಎನ್ನುವುದು ನನ್ನ ವಾದ. ಅದಕ್ಕೆ ಪುರಾವೆ ಸಿಗುವುದು ದಫ್ತರದ ಇತಿಹಾಸದಲ್ಲೇ.

ಈ ನಾಡಿನ ಹಳೆಯ ಕಾವಲು ಪದ್ಧತಿ ಜಾಗವನ್ನು ಹಿಡಿದು ನಡೆಯುತ್ತಿತ್ತು. ಆಯಗಾರರ ಪೈಕಿ ತಳವಾರ, ತೋಟಿಗಳದು ಊರು ಕಾಯುವ ಕೆಲಸ. ಕಳವಾದರೆ ತಳವಾರ ಹೆಜ್ಜೆಯ ಜಾಡು ಹಿಡಿದು ಹೊರಡಬೇಕು. ಜಾಡು ಗಡಿ ದಾಟಿತೆಂದು ತೋರಿಸಿಕೊಟ್ಟರೆ ಹೊಣೆ ಮುಂದಿನ ಊರಿಗೆ ಹೋಗುತ್ತಿತ್ತು. ಗಡಿಯೊಳಗೇ ಜಾಡು ತಪ್ಪಿದರೆ ಕಳ್ಳನನ್ನು ಹಿಡಿದುಕೊಡಬೇಕು, ಇಲ್ಲವೇ ಕಳೆದ ಮಾಲನ್ನು ಕಾವಲಿನವರೂ ಊರವರೂ ತುಂಬಿಕೊಡಬೇಕು. ಕಿತ್ತೂರು ಸೀಮೆಯಲ್ಲಿ ಈ ಕೆಲಸಕ್ಕಾಗಿ ಭೂಮಿಯ ಸನದು ಪಡೆದವರನ್ನು ಶೇತಸನದಿಗಳೆಂದು ಕರೆಯುತ್ತಿದ್ದರು. ಸಂಗೊಳ್ಳಿ ರಾಯಣ್ಣ ಅಂಥ ಒಬ್ಬ ಶೇತಸನದಿ. 1831ರ ಜನವರಿಯಲ್ಲಿ ನಂದಗಡದಲ್ಲಿ ಗಲ್ಲಿಗೇರಿದ ಆತನ ಬಂಡಾಯಕ್ಕಿದ್ದ ಕಾರಣಗಳಲ್ಲಿ ಕಾವಲಿನ ಮಾನ್ಯದ ಮೇಲೆ ಕಂಪನಿ ಸರ್ಕಾರ ಕೈಯಿಟ್ಟದ್ದೂ ಒಂದು. ಈ ಪದ್ಧತಿಯನ್ನು ಹೊಗಳಿ ಅಟ್ಟಕ್ಕೇರಿಸಬೇಕಾಗಿಲ್ಲ. ಕಾವಲು ಜಾತಿಗೆ ಅಂಟಿದ ದುಡಿಮೆಯಾಗಿತ್ತು. ಉಳ್ಳವನ ಮನೆಯ ಕಳವಿಗೆ ಇಲ್ಲದವನು ದಂಡ ತೆರಬೇಕಾಗಿತ್ತು. ಆದರೂ ಅದರೊಳಗೆ ಒಂದು ಸರಿಯಾದ ತಿಳಿವು ಇತ್ತು. ಇಲ್ಲಿ ಕಳವಾಯಿತು ಎಂದರೆ ಈ ಜಾಗದ ಕಾವಲಿನಲ್ಲಿ ಏನೋ ಕೊರತೆ ಇದೆ, ಅದನ್ನು ಈ ಜಾಗದ ಹೊಣೆ ಹೊತ್ತವರು ಸರಿಪಡಿಸಬೇಕು ಎಂಬ ತಿಳಿವು ಅದು.

ಇಂಗ್ಲಿಷರ ಆಡಳಿತ ಬೇರೆ ದಾರಿ ಹಿಡಿಯಿತು. ಆ ದಾರಿಯ ಆರಂಭದ ಹೆಜ್ಜೆಗಳಲ್ಲಿ ಒಂದು ಬೆಂಗಳೂರಿನ ಹತ್ತಿರವೇ ಬಿದ್ದಿತೆಂಬುದು ಹೆಚ್ಚು ಜನಕ್ಕೆ ತಿಳಿದಿಲ್ಲ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಸ್ವಲ್ಪ ಕಾಲದಲ್ಲೇ ಬೆಂಗಳೂರಿನ ಆಸುಪಾಸಿನಲ್ಲಿ ಸುಮಾರು ನೂರು ಮಂದಿ ಫಾಸಿಗಾರರನ್ನು, ಎಂದರೆ ದಾರಿಹೋಕರ ಕುತ್ತಿಗೆಗೆ ಕುಣಿಕೆ ಹಾಕಿ ದೋಚುವವರೆಂಬ ಆಪಾದನೆ ಹೊತ್ತವರನ್ನು, ಹಿಡಿದರು. 1816ರಲ್ಲಿ ರಿಚರ್ಡ್ ಶೆರ್ವುಡ್ ಎಂಬ ವೈದ್ಯಾಧಿಕಾರಿ ಮದ್ರಾಸಿನಲ್ಲಿ ಇವರ ಬಗ್ಗೆ ಪ್ರಬಂಧ ಪ್ರಕಟಿಸಿದ. ಮುಂದೆ 1830ರ ದಶಕದಲ್ಲಿ ಉತ್ತರದಲ್ಲಿ ವಿಲಿಯಂ ಸ್ಲೀಮನ್ ಠಕ್ಕರ ಬೇಟೆಗೆ ಇಳಿದಾಗ ಅವರ ಮನೆತನಗಳ ವಂಶಾವಳಿಯನ್ನೇ ಬರೆಸಿದ. ಅಪರಾಧವೆನ್ನುವುದು ರಕ್ತದಲ್ಲಿ ಹರಿದು ಬರುವ ಕಸುಬು, ಆದ್ದರಿಂದ ಕಸುಬಿನವರ ಪಟ್ಟಿ ಕೈಯಲ್ಲಿದ್ದರೆ ಅಪರಾಧ ಹತೋಟಿಗೆ ಬರುತ್ತದೆ ಎಂಬ ನಂಬಿಕೆ ಹೀಗೆ ಆಡಳಿತದಲ್ಲಿ ಬೇರೂರಿತು. 1871ರ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆ ಈ ನಂಬಿಕೆಗೆ ಕಾನೂನಿನ ಬಲ ಕೊಟ್ಟಿತು. 1911ರ ತಿದ್ದುಪಡಿಯಿಂದ ಅದು ಮದ್ರಾಸ್ ಪ್ರಾಂತ್ಯಕ್ಕೂ ಬಂತು. 1924ರಲ್ಲಿ ಹೊಸ ಕಾಯ್ದೆಯಾಗಿ ಒಟ್ಟುಗೂಡಿತು.

ಆ ಕಾಯ್ದೆ ಕನ್ನಡ ನಾಡಿನಲ್ಲಿ ಏನು ಮಾಡಿತೆಂಬುದಕ್ಕೆ ಮುಂಬಯಿ ಪ್ರಾಂತ್ಯದ ಕನ್ನಡ ಜಿಲ್ಲೆಗಳು ಸಾಕ್ಷಿ. ವಿಜಯಪುರ, ಹುಬ್ಬಳ್ಳಿ, ಗದಗಗಳಲ್ಲಿ ‘ಸೆಟ್ಲ್‌ಮೆಂಟ್’ಗಳು ಎದ್ದವು. ಗಂಟಿಚೋರ, ಕೊರಚ, ಹರಣಶಿಕಾರಿ, ಛಪ್ಪರಬಂದ್ ಮುಂತಾದ ಸಮುದಾಯಗಳ ಕುಟುಂಬಗಳನ್ನು ಅವುಗಳೊಳಗೆ ಇರಿಸಿ ಹಾಜರಿ ಕೂಗುತ್ತಿದ್ದರು. ಹೊರಗೆ ಹೋಗಬೇಕಾದರೆ ಚೀಟಿ ಬೇಕು. ದುಡಿಮೆಗೆ ಗಿರಣಿ, ರೈಲ್ವೆ ಕಾರ್ಖಾನೆಗಳ ಕೂಲಿ. ಉಪ್ಪು, ಧಾನ್ಯಗಳನ್ನು ಎತ್ತು ಕತ್ತೆಗಳ ಮೇಲೆ ಹೇರಿಕೊಂಡು ಊರೂರು ಸುತ್ತುತ್ತಿದ್ದ ಕೊರಚರ ಹಳೆಯ ವ್ಯಾಪಾರ ರೈಲು ರಸ್ತೆಗಳು ಬಂದ ಮೇಲೆ ಮುರಿದುಬಿದ್ದಿತ್ತು. ಬಡತನಕ್ಕೆ ಅದೇ ಕಾರಣವೆಂದು ಕೇಳುವವರು ಇರಲಿಲ್ಲ. ಪಟ್ಟಿಯಲ್ಲಿ ಹೆಸರಿದ್ದರೆ ಸಾಕು, ಎಲ್ಲಿ ಕಳವಾದರೂ ಮೊದಲ ಬಡಿತ ಇವರ ಬಾಗಿಲಿಗೆ. ಸುಧಾರಣೆಯ ಪರವಾಗಿ ಆಗ ಹೇಳಿದ ಮಾತುಗಳಲ್ಲಿ ಎಲ್ಲವೂ ಸುಳ್ಳಲ್ಲ. ಈ ವಸಾಹತುಗಳಲ್ಲಿ ಶಾಲೆಗಳಿದ್ದವು, ಮಿಷನರಿಗಳ ಆರೈಕೆಯೂ ಇತ್ತು. ಆದರೆ ತಪ್ಪು ಮಾಡದ ಮಗು ಹುಟ್ಟಿದ ಮನೆಯ ದೆಸೆಯಿಂದಲೇ ಪೊಲೀಸ್ ದಫ್ತರ ಸೇರುವಂಥ ವ್ಯವಸ್ಥೆಗೆ ಶಾಲೆಯ ಹೆಸರಿನಲ್ಲಿ ಮಾಫಿ ಸಿಗುವುದಿಲ್ಲ. ಅನಂತಶಯನಂ ಅಯ್ಯಂಗಾರ್ ಸಮಿತಿಯ ಶಿಫಾರಸಿನ ನಂತರ 1952ರ ಆಗಸ್ಟ್ 31ರಂದು ಕಾಯ್ದೆ ರದ್ದಾಯಿತು. ಹುಬ್ಬಳ್ಳಿಯಲ್ಲಿ ಸೆಟ್ಲ್‌ಮೆಂಟ್ ಎನ್ನುವುದು ಇವತ್ತಿಗೂ ಒಂದು ಬಡಾವಣೆಯ ಹೆಸರು.

ಕಾಯ್ದೆ ಹೋಯಿತು, ಅದು ಕಲಿಸಿದ ಅಭ್ಯಾಸ ಹೋಗಲಿಲ್ಲ. ರಾಜ್ಯಗಳು ‘ರೂಢಿಗತ ಅಪರಾಧಿ’ಗಳ ಕಾಯ್ದೆಗಳನ್ನು ಮಾಡಿಕೊಂಡವು, ನಮ್ಮದು 1961ರದು. ಬೆಂಗಳೂರಿಗೆ 1963ರಲ್ಲಿ ಪೊಲೀಸ್ ಕಮಿಷನರೇಟ್ ಬಂತು. ಹಿಸ್ಟರಿ ಶೀಟು, ರೌಡಿ ಶೀಟು, ಅಪರಾಧಿ ಕೃತ್ಯವೆಸಗುವ ರೀತಿಯನ್ನು ಬರೆದಿಡುವ ಎಂಒಬಿ ಕಾರ್ಡುಗಳು ನಗರದ ಠಾಣೆಗಳ ದಿನಚರಿಯ ಭಾಗವಾದವು. 1985ರಲ್ಲಿ ಗೂಂಡಾ ಕಾಯ್ದೆ ಸೇರಿಕೊಂಡಿತು. ಚುನಾವಣೆಗೆ ಮುಂಚೆ, ಹಬ್ಬಕ್ಕೆ ಮುಂಚೆ ಠಾಣೆಯ ಆವರಣದಲ್ಲಿ ರೌಡಿ ಪರೇಡ್ ನಡೆಯುವುದನ್ನು ಪತ್ರಿಕೆಗಳಲ್ಲಿ ಇವತ್ತಿಗೂ ನೋಡುತ್ತೇವೆ. 2024ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ದೆಹಲಿಯ ಪ್ರಕರಣವೊಂದರಲ್ಲಿ, ಹಿಸ್ಟರಿ ಶೀಟುಗಳು ಪೊಲೀಸರ ಒಳಬಳಕೆಯ ದಾಖಲೆ, ಅಪ್ರಾಪ್ತ ಮಕ್ಕಳ ವಿವರವನ್ನು ಅವುಗಳಲ್ಲಿ ಸೇರಿಸುವಂತಿಲ್ಲ ಎಂಬುದನ್ನು ಎತ್ತಿಹಿಡಿಯಿತು. ಹಿಂದುಳಿದ ಸಮುದಾಯದವರ ಹೆಸರುಗಳು ಯಾಂತ್ರಿಕವಾಗಿ ಇಂಥ ಪಟ್ಟಿಗೆ ಸೇರುವ ಬಗ್ಗೆ ಎಲ್ಲ ರಾಜ್ಯಗಳೂ ಗಮನ ಹರಿಸಬೇಕೆಂದಿತು. ಅದೇ ವರ್ಷ ಅಕ್ಟೋಬರಿನಲ್ಲಿ, ಜೈಲುಗಳಲ್ಲಿನ ಜಾತಿ ತಾರತಮ್ಯದ ತೀರ್ಪಿನಲ್ಲಿ, ರೂಢಿಗತ ಅಪರಾಧಿ ಎಂಬ ವರ್ಗೀಕರಣ ವಿಮುಕ್ತ ಸಮುದಾಯಗಳನ್ನು, ಎಂದರೆ ಹಿಂದೆ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆಗೆ ಒಳಪಟ್ಟಿದ್ದವರನ್ನು, ಹೇಗೆ ಬೆನ್ನಟ್ಟಿ ಬಂದಿದೆಯೆಂದು ವಿವರವಾಗಿ ಚರ್ಚಿಸಿತು. ಆ ಕಾಯ್ದೆ ರದ್ದಾಗಿ ಎಪ್ಪತ್ತೆರಡು ವರ್ಷಗಳ ಮೇಲೂ ನ್ಯಾಯಾಲಯ ಇದನ್ನು ಹೇಳಬೇಕಾಯಿತು.

ಇಲ್ಲಿ ಅನುಭವಿ ಪೊಲೀಸರು ಎತ್ತುವ ಆಕ್ಷೇಪವೊಂದಿದೆ, ಅದು ತೂಕವುಳ್ಳದ್ದು. ಅಪರಾಧದ ದೊಡ್ಡ ಪಾಲನ್ನು ಕೆಲವೇ ಜನ ಮಾಡುತ್ತಾರೆ, ಅವರ ಮೇಲೆ ಕಣ್ಣಿಡದೆ ತಡೆಯುವುದು ಹೇಗೆ ಎನ್ನುತ್ತಾರೆ. ಮಾತು ನಿಜ. 1945ರಲ್ಲಿ ಹುಟ್ಟಿದ ಫಿಲಡೆಲ್ಫಿಯಾದ ಸುಮಾರು ಹತ್ತು ಸಾವಿರ ಹುಡುಗರ ದಾಖಲೆ ನೋಡಿದ ಮಾರ್ವಿನ್ ವೂಲ್ಫ್‌ಗ್ಯಾಂಗ್ ತಂಡ, ಅವರಲ್ಲಿ ನೂರಕ್ಕೆ ಆರು ಮಂದಿಯೇ ಅರ್ಧಕ್ಕಿಂತ ಹೆಚ್ಚು ಅಪರಾಧಗಳಿಗೆ ಕಾರಣರೆಂದು 1972ರಲ್ಲಿ ತೋರಿಸಿತು. ಆದರೆ ಅದು ಹಿಂದಿರುಗಿ ನೋಡಿದಾಗ ಕಂಡ ಲೆಕ್ಕ. ಯಾರು ಆ ಆರು ಮಂದಿಯಾಗುತ್ತಾರೆಂದು ಮುಂಚಿತವಾಗಿ ಹೇಳಹೊರಟಾಗ ಪಟ್ಟಿ ತಪ್ಪುತ್ತದೆ. ಷಿಕಾಗೊ ಪೊಲೀಸರು ಕಂಪ್ಯೂಟರಿನಿಂದ ಅಂಥದೊಂದು ಪಟ್ಟಿ ಮಾಡಿಸಿದರು. ಪಟ್ಟಿಯಲ್ಲಿದ್ದವರು ಗುಂಡೇಟಿಗೆ ಸಿಕ್ಕುವುದು ಕಡಿಮೆಯಾಗಲಿಲ್ಲ, ಅವರ ಬಂಧನ ಮಾತ್ರ ಹೆಚ್ಚಾಯಿತು ಎಂದು 2016ರ ಮೌಲ್ಯಮಾಪನ ಕಂಡಿತು. ಕೆಲವೇ ವರ್ಷಗಳಲ್ಲಿ ಆ ಪಟ್ಟಿಯನ್ನು ಕೈಬಿಟ್ಟರು. ಜಾಗದ ಲೆಕ್ಕ ಹೀಗಲ್ಲ. ಮಿನಿಯಾಪೊಲಿಸ್ ನಗರದಲ್ಲಿ ಪೊಲೀಸರಿಗೆ ಬಂದ ಕರೆಗಳಲ್ಲಿ ಅರ್ಧದಷ್ಟು ನೂರಕ್ಕೆ ಸುಮಾರು ಮೂರು ವಿಳಾಸಗಳಿಂದ ಬಂದಿದ್ದವೆಂದು ಲಾರೆನ್ಸ್ ಶೆರ್ಮನ್ ತಂಡ 1989ರಲ್ಲಿ ತೋರಿಸಿತು. ಸಿಯಾಟಲ್‌ನಲ್ಲಿ 1989ರಿಂದ 2002ರವರೆಗೆ ನೋಡಿದಾಗ ನೂರಕ್ಕೆ ನಾಲ್ಕೈದು ಬೀದಿ ತುಂಡುಗಳಲ್ಲಿ ಅರ್ಧದಷ್ಟು ಅಪರಾಧ ನಡೆದಿತ್ತು, ಮತ್ತು ಬಹುಪಾಲು ಬೀದಿಗಳ ಸ್ಥಿತಿ ವರ್ಷದಿಂದ ವರ್ಷಕ್ಕೆ ಅಷ್ಟಾಗಿ ಬದಲಾಗಿರಲಿಲ್ಲ. ಮನುಷ್ಯ ವಯಸ್ಸಾದಂತೆ ಬದಲಾಗುತ್ತಾನೆ, ಮದುವೆಯಾಗುತ್ತಾನೆ, ಊರು ಬಿಡುತ್ತಾನೆ. ಕತ್ತಲ ಅಂಡರ್‌ಪಾಸು ದುರಸ್ತಿಯಾಗುವವರೆಗೆ ಹಾಗೇ ಇರುತ್ತದೆ. ತಪ್ಪಾಗಿ ಗುರುತಿಸಿದ ಬೀದಿಗೆ ಹೆಚ್ಚೆಂದರೆ ಬೇಡದ ಎರಡು ದೀಪ ಬೀಳುತ್ತವೆ. ತಪ್ಪಾಗಿ ಗುರುತಿಸಿದ ಮನುಷ್ಯನ ಬದುಕು ಹಾಳಾಗುತ್ತದೆ. ಇವೆರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು.

ಪಶ್ಚಿಮ ಬೆಂಗಳೂರು ಬೆಳೆದ ರೀತಿಯನ್ನು ನೋಡಿದರೆ ಜಾಗದ ದಾಖಲೆ ಇಲ್ಲಿ ಯಾಕೆ ಅಷ್ಟು ಮುಖ್ಯವೆಂಬುದು ಇನ್ನೂ ತಿಳಿಯಾಗುತ್ತದೆ. 1945ರಲ್ಲಿ ರಚನೆಯಾದ ಸಿಐಟಿಬಿ, ಅಂದರೆ ನಂತರದ ಬಿಡಿಎಯ ಪೂರ್ವಜ ಸಂಸ್ಥೆ, ಗವರ್ನರ್ ಜನರಲ್ ಆಗಿದ್ದ ಸಿ. ರಾಜಗೋಪಾಲಾಚಾರಿಯವರ ಹೆಸರಿನಲ್ಲಿ ಕಟ್ಟಿದ ಕೈಗಾರಿಕಾ ಉಪನಗರ ರಾಜಾಜಿನಗರ. ಬ್ಲಾಕು, ಮೇನು, ಕ್ರಾಸು ಎಂದು ಗೆರೆ ಎಳೆದಂತೆ ಬಡಾವಣೆ ಹಾಸಿದರೂ ಕೇತಮಾರನಹಳ್ಳಿ, ಸಾಣೆಗುರುವನಹಳ್ಳಿ, ಅಗ್ರಹಾರ ದಾಸರಹಳ್ಳಿ, ಹೊಸಹಳ್ಳಿ, ಅತ್ತಿಗುಪ್ಪೆಗಳು ಅವುಗಳ ನಡುವೆ ಇಕ್ಕಟ್ಟು ಓಣಿಗಳ ಊರುಗಳಾಗಿಯೇ ಉಳಿದವು. ಕಾರ್ಡ್ ರಸ್ತೆಯ ಪಶ್ಚಿಮಕ್ಕೆ ಬಸವೇಶ್ವರನಗರ ಬೆಳೆಯಿತು. ಮಾಗಡಿ ರಸ್ತೆ, ಮೈಸೂರು ರಸ್ತೆಗಳ ನಡುವೆ ವಿಜಯನಗರ ತುಂಬಿಕೊಂಡಿತು. ಕೆಂಗೇರಿ 2007ರವರೆಗೆ ತನ್ನದೇ ಪುರಸಭೆಯಿದ್ದ ಪಟ್ಟಣ. ಏಳು ನಗರಸಭೆಗಳೂ ನೂರಹತ್ತು ಹಳ್ಳಿಗಳೂ ಬಿಬಿಎಂಪಿಗೆ ಸೇರಿದಾಗ ಅದೂ ಸೇರಿತು. ಮೆಟ್ರೊ 2015ರ ನವೆಂಬರಿನಲ್ಲಿ ಮಾಗಡಿ ರಸ್ತೆಯಿಂದ ವಿಜಯನಗರದ ಮೂಲಕ ಮೈಸೂರು ರಸ್ತೆಗೆ, 2021ರ ಆಗಸ್ಟಿನಲ್ಲಿ ಕೆಂಗೇರಿಗೆ ಬಂತು. ಒಂದೊಂದು ಬದಲಾವಣೆಯೂ ಬೀದಿಯ ಹೊತ್ತನ್ನು ಬದಲಿಸಿತು. ಗಿರಣಿ, ಕಾರ್ಖಾನೆಗಳ ಪಾಳಿಯಿದ್ದಾಗ ನಸುಕಿನಲ್ಲಿ ಜನ ಓಡಾಡುತ್ತಿದ್ದ ರಸ್ತೆ, ಕಾರ್ಖಾನೆ ಮುಚ್ಚಿದ ಮೇಲೆ ಆ ಹೊತ್ತಿನಲ್ಲಿ ಬಿಕೋ ಎನ್ನುತ್ತದೆ. ರಾತ್ರಿ ಹತ್ತಕ್ಕೆ ಮಲಗುತ್ತಿದ್ದ ಅಡ್ಡರಸ್ತೆ, ಮೆಟ್ರೊ ನಿಲ್ದಾಣ ತೆರೆದ ಮೇಲೆ ಒಂಟಿಯಾಗಿ ಮನೆಗೆ ನಡೆಯುವ ಹೆಣ್ಣುಮಕ್ಕಳ ದಾರಿಯಾಗುತ್ತದೆ, ಸಾಲುಗಟ್ಟಿದ ಬೈಕುಗಳ ನಿಲುಗಡೆಯಾಗುತ್ತದೆ. ಯಾವ ರೌಡಿ ಪಟ್ಟಿಯನ್ನು ತಿರುವಿದರೂ ಈ ಬದಲಾವಣೆಯ ಸುಳಿವು ಸಿಗುವುದಿಲ್ಲ. ನಕ್ಷೆಯಲ್ಲಿ ಸಿಗುತ್ತದೆ.

ಸುಳಿವು ಸರ್ಕಾರದ ಕೈಯಲ್ಲಿ ಇಲ್ಲದಿಲ್ಲ. ಎಫ್‌ಐಆರ್ ನಮೂನೆಯಲ್ಲಿ ಘಟನೆಯ ವಾರ, ದಿನಾಂಕ, ವೇಳೆಗೆ ಕಾಲಂ ಇದೆ. ಘಟನಾ ಸ್ಥಳ ಠಾಣೆಯಿಂದ ಯಾವ ದಿಕ್ಕಿಗೆ, ಎಷ್ಟು ದೂರ, ಯಾವ ಬೀಟು ಎಂಬುದಕ್ಕೂ ಕಾಲಂ ಇದೆ. 2016ರ ಸುಪ್ರೀಂ ಕೋರ್ಟ್ ತೀರ್ಪಿನಂತೆ, ಸೂಕ್ಷ್ಮ ಪ್ರಕರಣಗಳನ್ನು ಬಿಟ್ಟು ಉಳಿದ ಎಫ್‌ಐಆರ್‌ಗಳು ಇಪ್ಪತ್ನಾಲ್ಕು ಗಂಟೆಯೊಳಗೆ ಪೊಲೀಸ್ ಜಾಲತಾಣಕ್ಕೆ ಬರಬೇಕು. ಅಲ್ಲಿ ಒಂದೊಂದಾಗಿ ಓದಲು ಅವಕಾಶವಿದೆ. ಆದರೆ ಒಟ್ಟುಗೂಡಿಸಿ ಪ್ರಕಟಿಸುವ ಹೊತ್ತಿಗೆ ಬೀದಿ ಮಾಯವಾಗಿ ‘ಬೆಂಗಳೂರು ನಗರ’ ಎಂಬ ಒಂದೇ ಸಾಲು ಉಳಿಯುತ್ತದೆ. 1953ರಿಂದ ಬರುತ್ತಿರುವ ‘ಕ್ರೈಮ್ ಇನ್ ಇಂಡಿಯಾ’ ವರದಿಯಲ್ಲಿ ಕೆಂಗೇರಿಯ ಮಹಿಳೆಗೂ ವೈಟ್‌ಫೀಲ್ಡಿನ ಮಹಿಳೆಗೂ ಒಂದೇ ಅಂಕಿ. ಇನ್ನೊಂದು ತೊಡಕು ಗಡಿಗಳದು. ಠಾಣೆಯ ಸರಹದ್ದು ಒಂದು, ಪಾಲಿಕೆಯ ವಾರ್ಡು ಇನ್ನೊಂದು, ಬೆಸ್ಕಾಂ ಉಪವಿಭಾಗ ಮತ್ತೊಂದು. ಒಂದು ಬೀದಿಯ ಕತ್ತಲೆಗೆ ಯಾರು ಉತ್ತರ ಹೇಳಬೇಕೆಂಬುದೇ ಕಗ್ಗಂಟು. ತಲೆಬರಹಗಳ ಗೊಂದಲವೂ ಉಂಟು. ಬೆಳಗಿನ ವಾಕಿಂಗಿನ ಹೆಂಗಸರನ್ನು ವರ್ಷಗಟ್ಟಲೆ ಕಾಡಿದ ಸರಗಳ್ಳತನಕ್ಕೆ ದಂಡ ಸಂಹಿತೆಯಲ್ಲಿ ತನ್ನದೇ ಕಲಮೇ ಇರಲಿಲ್ಲ. ಸಾದಾ ಕಳವು ಎಂದೋ ಸುಲಿಗೆ ಎಂದೋ ಠಾಣೆಗೆ ತೋಚಿದಂತೆ ದಾಖಲಾಗುತ್ತಿತ್ತು. ಕಸಿದುಕೊಳ್ಳುವುದನ್ನು ಪ್ರತ್ಯೇಕ ಅಪರಾಧವೆಂದು ಭಾರತೀಯ ನ್ಯಾಯ ಸಂಹಿತೆಯ 304ನೇ ಕಲಂ ಹೇಳಿದ್ದು 2024ರ ಜುಲೈ 1ರಿಂದ.

ಹಾಗಾದರೆ ನಕ್ಷೆಯನ್ನು ಹಿಡಿದು ತಡೆಯುವ ಕೆಲಸ ಹೇಗಿರುತ್ತದೆ? ಇಂಗ್ಲೆಂಡಿನ ರಾಚ್‌ಡೇಲ್ ಪಟ್ಟಣದ ಕರ್ಕ್‌ಹೋಲ್ಟ್ ಎಂಬ ಬಡಾವಣೆ 1980ರ ದಶಕದಲ್ಲಿ ಮನೆಗಳ್ಳತನದಿಂದ ತತ್ತರಿಸಿತ್ತು. ಅಲ್ಲಿ ಕಳ್ಳರ ಪಟ್ಟಿ ಮಾಡುವ ಬದಲು ಕಳವಾದ ಮನೆಗಳ ಲೆಕ್ಕವನ್ನು ಬಿಡಿಸಿ ನೋಡಿದರು. ಎರಡು ಸಂಗತಿ ಕಂಡವು. ಒಮ್ಮೆ ಕಳವಾದ ಮನೆಗೆ ಮತ್ತೆ ಕನ್ನ ಬೀಳುವ ಸಂಭವ ಉಳಿದ ಮನೆಗಳಿಗಿಂತ ಹಲವು ಪಟ್ಟು ಹೆಚ್ಚು; ಮತ್ತು ಅರ್ಧದಷ್ಟು ಕಳವುಗಳಲ್ಲಿ ಹೋದದ್ದು ನಾಣ್ಯ ಹಾಕಿ ಅನಿಲ, ವಿದ್ಯುತ್ತು ಪಡೆಯುವ ಮೀಟರ್ ಪೆಟ್ಟಿಗೆಯ ಹಣ. ನಾಣ್ಯದ ಮೀಟರುಗಳನ್ನು ತೆಗೆಸಿದರು, ಕಳವಾದ ಮನೆಗಳ ಬಾಗಿಲು ಕಿಟಕಿ ಭದ್ರಪಡಿಸಿದರು, ಅಕ್ಕಪಕ್ಕದ ಐದಾರು ಮನೆಯವರಿಗೆ ಕಣ್ಣಿಡಲು ಹೇಳಿದರು. ಮೂರು ವರ್ಷದಲ್ಲಿ ಕಳವು ಸುಮಾರು ಮುಕ್ಕಾಲು ಪಾಲು ಇಳಿಯಿತು. ವೇಲ್ಸ್‌ನ ಕಾರ್ಡಿಫ್ ನಗರದಲ್ಲಿ ಜೊನಾಥನ್ ಶೆಪರ್ಡ್ ಎಂಬ ಶಸ್ತ್ರವೈದ್ಯರು ಇನ್ನೊಂದು ಸತ್ಯ ಕಂಡರು: ಹೊಡೆತ ತಿಂದು ಆಸ್ಪತ್ರೆಗೆ ಬಂದವರಲ್ಲಿ ಬಹಳಷ್ಟು ಜನ ಪೊಲೀಸರ ಲೆಕ್ಕದಲ್ಲಿ ಇರಲೇ ಇಲ್ಲ. ಗಾಯಾಳುವಿನ ಹೆಸರು ತೆಗೆದು, ಎಲ್ಲಿ, ಯಾವಾಗ, ಯಾವುದರಿಂದ ಏಟು ಬಿತ್ತೆಂಬುದನ್ನಷ್ಟೇ ಪೊಲೀಸರಿಗೂ ನಗರಾಡಳಿತಕ್ಕೂ ಕೊಡತೊಡಗಿದರು. ಹಿಂಸೆಯಿಂದಾಗಿ ಆಸ್ಪತ್ರೆ ಸೇರುವವರ ಪ್ರಮಾಣ, ಅದೇ ಬಗೆಯ ಹದಿನಾಲ್ಕು ನಗರಗಳೊಂದಿಗೆ ಹೋಲಿಸಿದಾಗ, ಶೇ. 42ರಷ್ಟು ಕಡಿಮೆಯಾಗಿತ್ತೆಂದು 2011ರ ಅಧ್ಯಯನ ಹೇಳಿತು. ರಾಜಾಜಿನಗರದ ಇಎಸ್‌ಐ ಆಸ್ಪತ್ರೆಯಂಥ ದೊಡ್ಡ ಆಸ್ಪತ್ರೆಯಿರುವ ಪ್ರದೇಶಕ್ಕೆ ಈ ಪಾಠ ನೇರವಾಗಿ ಅನ್ವಯಿಸುತ್ತದೆ. ಎಂಎಲ್‌ಸಿ, ಎಂದರೆ ಪೊಲೀಸರಿಗೆ ತಿಳಿಸಬೇಕಾದ ಗಾಯಗಳ ವೈದ್ಯಕೀಯ ದಾಖಲೆ, ಈಗ ಒಂದೊಂದು ಕೇಸಿಗೆ ಸಾಕ್ಷ್ಯವಾಗಿ ಠಾಣೆಗೆ ಹೋಗುತ್ತದೆ. ಹೆಸರಿಲ್ಲದ ಮಾಸಿಕ ಲೆಕ್ಕವಾಗಿ ಅದು ವಾರ್ಡಿಗೂ ಹೋಗಬಹುದು. ಮನೆಯೊಳಗೆ ಹೊಡೆತ ತಿನ್ನುವ ಹೆಂಗಸರ ವಿಷಯದಲ್ಲಂತೂ ಠಾಣೆಯ ನಕ್ಷೆಗಿಂತ ಆಸ್ಪತ್ರೆಯ ಲೆಕ್ಕ ಹೆಚ್ಚು ನಿಜ ಹೇಳುತ್ತದೆ.

ಅಷ್ಟು ದೂರ ಹೋಗುವುದೂ ಬೇಡ. ನಮ್ಮ ರಸ್ತೆ ಅಪಘಾತಗಳ ವ್ಯವಸ್ಥೆಯೇ ಈ ತತ್ವವನ್ನು ಒಪ್ಪಿಕೊಂಡಿದೆ. ಸುಮಾರು ಐನೂರು ಮೀಟರ್ ರಸ್ತೆಯಲ್ಲಿ ಮೂರು ವರ್ಷದೊಳಗೆ ಸಾವು ಅಥವಾ ತೀವ್ರ ಗಾಯದ ಐದು ಅಪಘಾತಗಳಾದರೆ, ಇಲ್ಲವೇ ಹತ್ತು ಸಾವಾದರೆ, ಅದು ಬ್ಲ್ಯಾಕ್ ಸ್ಪಾಟ್ ಎಂದು ಕೇಂದ್ರ ಸಾರಿಗೆ ಸಚಿವಾಲಯ ಹೇಳುತ್ತದೆ. ಆಮೇಲೆ ಎಂಜಿನಿಯರು ಬಂದು ತಿರುವು, ಡಿವೈಡರ್, ದೀಪ, ಸ್ಕೈವಾಕ್ ಸರಿಪಡಿಸಬೇಕು. ಯಾವ ಜಾತಿಯ ಚಾಲಕರು ಹೆಚ್ಚು ಗುದ್ದುತ್ತಾರೆಂದು ಯಾರೂ ಪಟ್ಟಿ ಮಾಡುವುದಿಲ್ಲ. ಸರ ಕಸಿಯುವ ತಿರುವಿಗೆ, ಚುಡಾಯಿಸುವ ಬಸ್ ನಿಲ್ದಾಣಕ್ಕೆ, ಬೈಕು ಮಾಯವಾಗುವ ನಿಲುಗಡೆಗೆ ಇಂಥದೇ ಒಂದು ವ್ಯಾಖ್ಯೆ, ಇಂಥದೇ ಒಂದು ಕಡ್ಡಾಯ ಯಾಕಿಲ್ಲ? ಪ್ರತಿ ಡಿಸೆಂಬರಿನಲ್ಲಿ ಪೊಲೀಸರು ಅಪರಾಧ ತಡೆ ಮಾಸಾಚರಣೆ ನಡೆಸುತ್ತಾರೆ. ಶಾಲಾ ಮಕ್ಕಳ ಜಾಥಾ, ಕರಪತ್ರ, ಮೈಕು 	ಕಟ್ಟಿದ ವಾಹನ ಎಲ್ಲವೂ ಇರುತ್ತವೆ. ಅದರ ಹಿಂದಿನ ಕಾಳಜಿ ನಿಜವಾದದ್ದು. ಆದರೆ ಬಾಗಿಲು ಭದ್ರಪಡಿಸಿ, ಒಡವೆ ಜೋಪಾನ ಎಂಬ ಸಾಮಾನ್ಯ ಎಚ್ಚರಿಕೆಯ ಬದಲು, ಈ ಬೀದಿಯಲ್ಲಿ ಈ ಹೊತ್ತಿನಲ್ಲಿ ಇಷ್ಟು ಕಳವಾಗಿದೆ, ಕಾರಣ ಇದು, ಇದನ್ನು ಈ ಇಲಾಖೆ ಈ ತಿಂಗಳಲ್ಲಿ ಸರಿಪಡಿಸುತ್ತದೆ ಎಂದು ಹೇಳುವ ಕರಪತ್ರವಾದರೆ ಓದುವವರಿಗೆ ಅದರಿಂದ ಆಗುವ ಉಪಯೋಗವೇ ಬೇರೆ.

ಜಾಗದ ಮಾಹಿತಿಯನ್ನು ಬಳಸಿಯೇ ಇಲ್ಲವೆಂದರೆ ಸರಿಯಾಗದು. ನಿರ್ಭಯಾ ನಿಧಿಯ ಸೇಫ್ ಸಿಟಿ ಯೋಜನೆಗೆ 2018ರಲ್ಲಿ ಎಂಟು ಮಹಾನಗರಗಳು ಆಯ್ಕೆಯಾದವು. ಬೆಂಗಳೂರಿಗೆ ಮಂಜೂರಾದದ್ದು 667 ಕೋಟಿ ರೂಪಾಯಿ. ಅದರಡಿ ಏಳು ಸಾವಿರಕ್ಕೂ ಹೆಚ್ಚು ಕ್ಯಾಮೆರಾಗಳು ಬಂದವು, 2023ರಲ್ಲಿ ಕಮಾಂಡ್ ಸೆಂಟರ್ ಶುರುವಾಯಿತು. ಕ್ಯಾಮೆರಾ ಎಲ್ಲಿ ಬೇಕೆಂದು ತೀರ್ಮಾನಿಸುವಾಗ ಠಾಣೆಗಳ ಅನುಭವ, ಘಟನೆಗಳ ಲೆಕ್ಕ ಉಪಯೋಗಕ್ಕೆ ಬಂದಿವೆ. ಇದು ಮುನ್ನಡೆಯೇ. ನನ್ನ ತಕರಾರು ಬೇರೆ. ನಕ್ಷೆ ತೋರಿಸಿದ ಜಾಗಕ್ಕೆ ನಾವು ಕೊಟ್ಟ ಮದ್ದು ಬಹುಮಟ್ಟಿಗೆ ಕ್ಯಾಮೆರಾ ಮಾತ್ರ. ಕ್ಯಾಮೆರಾ ಮುಖ್ಯವಾಗಿ ನೆರವಾಗುವುದು ಆದ ಮೇಲೆ, ಮಾಡಿದವನನ್ನು ಗುರುತಿಸಲು. ಅಲ್ಲಿಗೆ ಜಾಗದ ದಾಖಲೆಯೂ ಮತ್ತೆ ಮುಖದ ದಾಖಲೆಯಾಗಿ, ಹಳೆಯ ಪಟ್ಟಿಯ ಕಡೆಗೇ ತಿರುಗುತ್ತದೆ. ದೀಪ, ಫುಟ್‌ಪಾತು, ತಡರಾತ್ರಿಯ ಬಸ್ಸು, ಶೌಚಾಲಯ, ಹೊತ್ತು ಮೀರಿಯೂ ತೆರೆದಿರುವ ಅಂಗಡಿ ಇವು ಅಪರಾಧವನ್ನು ಅದು ಆಗುವ ಮೊದಲೇ ತಡೆಯುತ್ತವೆ. ನ್ಯೂಯಾರ್ಕಿನ ಸರ್ಕಾರಿ ವಸತಿ ಸಮುಚ್ಚಯಗಳಲ್ಲಿ ಚೀಟಿ ಎತ್ತಿದಂತೆ ಆಯ್ದ ಕಡೆ ಹೆಚ್ಚುವರಿ ದೀಪ ಹಾಕಿ ನೋಡಿದಾಗ ರಾತ್ರಿಯ ಹೊರಾಂಗಣದ ಗಂಭೀರ ಅಪರಾಧ ಶೇ. 36ರಷ್ಟು ತಗ್ಗಿತ್ತು. ಇವೆಲ್ಲ ಪೊಲೀಸರ ಕೈಯಲ್ಲಿರುವ ಕೆಲಸಗಳಲ್ಲ, ಪಾಲಿಕೆಯವು. ನಕ್ಷೆ ಠಾಣೆಯಿಂದ ಹೊರಬರಬೇಕೆಂದು ಇಷ್ಟು ಒತ್ತಿ ಹೇಳುವುದು ಇದಕ್ಕಾಗಿಯೇ.

ಈ ವಾದಕ್ಕೆ ಅತಿ ಗಟ್ಟಿಯಾದ ವಿರೋಧ ಅಂಕಿಗಳ ಗುಣದ ಮೇಲಿನದು. ಐಡಿಎಫ್‌ಸಿ ಇನ್‌ಸ್ಟಿಟ್ಯೂಟ್ ಬೆಂಗಳೂರೂ ಸೇರಿ ನಾಲ್ಕು ಮಹಾನಗರಗಳಲ್ಲಿ ಮನೆಮನೆ ಸಮೀಕ್ಷೆ ಮಾಡಿ 2017ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಕಳವಿಗೆ ಒಳಗಾದವರಲ್ಲಿ ಎಫ್‌ಐಆರ್ ದಾಖಲಾದದ್ದು ಹತ್ತನೇ ಒಂದು ಭಾಗಕ್ಕೂ ಕಡಿಮೆ ಜನರದು. ಇಂಥ ಲೆಕ್ಕದ ಮೇಲೆ ನಕ್ಷೆ ಬರೆದರೆ ದೂರು ಕೊಡಬಲ್ಲವರ ಬೀದಿ ಕೆಂಪಾಗುತ್ತದೆ, ಠಾಣೆಯ ಮೆಟ್ಟಿಲು ಹತ್ತಲು ಹೆದರುವವರ ಓಣಿ ಬೆಳ್ಳಗೆ ಉಳಿಯುತ್ತದೆ. ಇದಕ್ಕೆ ವಿರುದ್ಧವಾದ ಅಪಾಯವೂ ಇದೆ. ಓಕ್‌ಲ್ಯಾಂಡಿನ ಮಾದಕವಸ್ತು ಪ್ರಕರಣಗಳನ್ನು ಪರಿಶೀಲಿಸಿದ 2016ರ ಅಧ್ಯಯನವೊಂದು, ಪೊಲೀಸರು ಹೆಚ್ಚು ಹೋದ ಕಡೆ ಹೆಚ್ಚು ಕೇಸು, ಹೆಚ್ಚು ಕೇಸಾದ ಕಡೆಗೆ ಮತ್ತೆ ಪೊಲೀಸರು ಎಂಬ ಸುಳಿಯನ್ನು ತೋರಿಸಿತು. ಎರಡೂ ಮಾತು ಒಪ್ಪತಕ್ಕವು. ಆದ್ದರಿಂದಲೇ ಯಾವ ಅಂಕಿಯನ್ನು ಬಳಸುತ್ತೇವೆ ಎಂಬುದು ಮುಖ್ಯವಾಗುತ್ತದೆ. ಪೊಲೀಸರು ತಾವಾಗಿ ಹೋಗಿ ಹಾಕುವ ಕೇಸುಗಳನ್ನು ನಕ್ಷೆಯಿಂದ ಹೊರಗಿಡಬೇಕು. ಜನ ತಾವಾಗಿ 112ಕ್ಕೆ ಮಾಡಿದ ಕರೆ, ಆಸ್ಪತ್ರೆಯ ಗಾಯಗಳ ಲೆಕ್ಕ, ಹೆಂಗಸರೇ ಸಂಜೆ ಬೀದಿಯಲ್ಲಿ ನಡೆದು ದೀಪ, ನೋಟ, ಜನಸಂಚಾರವನ್ನು ಗುರುತು ಹಾಕುವ ಸುರಕ್ಷತಾ ಪರಿಶೀಲನೆ ಇವುಗಳನ್ನು ಸೇರಿಸಬೇಕು. ಒಂದು ಲೆಕ್ಕದ ಕುರುಡನ್ನು ಇನ್ನೊಂದು ಲೆಕ್ಕ ಕಾಣುತ್ತದೆ. ಅಂಕಿ ಅಪೂರ್ಣವೆಂದು ನಕ್ಷೆಯೇ ಬೇಡವೆನ್ನುವವರು, ಅದಕ್ಕಿಂತ ಅಪೂರ್ಣವಾದ ರೌಡಿ ಪಟ್ಟಿಯ ಮೇಲೆ ಇವತ್ತೂ ನಡೆಯುತ್ತಿರುವ ಆಡಳಿತವನ್ನು ಒಪ್ಪಿಕೊಂಡಂತಾಗುತ್ತದೆ.

ಬಡಾವಣೆಗೆ ಕೆಟ್ಟ ಹೆಸರು ಬರುತ್ತದೆ, ನಿವೇಶನದ ಬೆಲೆ ಬೀಳುತ್ತದೆ ಎಂಬ ಭಯ ಮನೆಮಾಲೀಕರದು. ಈ ಭಯವನ್ನು ತಳ್ಳಿಹಾಕಲಾರೆ. ಇಡೀ ಬಡಾವಣೆಯನ್ನು ಅಪಾಯದ ಬಡಾವಣೆ ಎಂದು ಸಾರಿದರೆ ಅದು ಸೆಟ್ಲ್‌ಮೆಂಟಿನ ತಪ್ಪನ್ನೇ ಮತ್ತೆ ಮಾಡಿದಂತೆ. ಆದರೆ ಸಂಶೋಧನೆ ಹೇಳುವುದು ಬೀದಿ ತುಂಡುಗಳ ಬಗ್ಗೆ. ಕುಖ್ಯಾತವೆನಿಸಿದ ಪ್ರದೇಶದಲ್ಲೂ ಬಹುಪಾಲು ಬೀದಿಗಳು ಶಾಂತವಾಗಿಯೇ ಇರುತ್ತವೆ. ನಕ್ಷೆ ಸಣ್ಣದಾದಷ್ಟೂ ಕಳಂಕ ಕಿರಿದಾಗುತ್ತದೆ. ಮನೆ ನಂಬರು ಕಾಣಬಾರದು. ಲೈಂಗಿಕ ಅಪರಾಧ, ಕೌಟುಂಬಿಕ ಹಿಂಸೆಗಳು ಬೀದಿಯ ನಕ್ಷೆಗೆ ಬರಲೇಬಾರದು, ವಾರ್ಡ್ ಮಟ್ಟದ ಒಟ್ಟು ಲೆಕ್ಕವಷ್ಟೇ ಸಾಕು. ಇಲ್ಲಿ ತಡೆದರೆ ಕಳ್ಳ ಪಕ್ಕದ ಬೀದಿಗೆ ಹೋಗುತ್ತಾನೆ ಎಂಬ ಮಾತಿಗೂ ಉತ್ತರವಿದೆ. ಇಂಥ 102 ಮೌಲ್ಯಮಾಪನಗಳನ್ನು ಒಟ್ಟಿಗೆ ನೋಡಿದ 2009ರ ಪರಿಶೀಲನೆಯಲ್ಲಿ ಅಪರಾಧ ಪಕ್ಕಕ್ಕೆ ಸರಿದದ್ದು ಕಾಲು ಭಾಗದಷ್ಟು ಸಲ ಮಾತ್ರ. ಸರಿಸುಮಾರು ಅಷ್ಟೇ ಸಲ ಪಕ್ಕದ ಬೀದಿಗಳಿಗೂ ಒಳಿತಾಗಿತ್ತು. ಸೈಬರ್ ವಂಚನೆಗೆ ಬೀದಿಯೇ ಇಲ್ಲವಲ್ಲ ಎನ್ನುವುದು ಮಾತ್ರ ಪೂರ್ತಿ ನಿಜ. 2022ರಲ್ಲಿ ಬೆಂಗಳೂರಿನಲ್ಲಿ ದಾಖಲಾದ ಸೈಬರ್ ಪ್ರಕರಣಗಳು 9,940, ದೇಶದ ಮಹಾನಗರಗಳಲ್ಲೇ ಹೆಚ್ಚು. ಅದಕ್ಕೆ ಬೇಕಾದದ್ದು ಬೇರೆ ಉಪಾಯ. ಬೀದಿಯಲ್ಲಿ ನಡೆಯುವ ಅಪರಾಧವನ್ನು ಬೀದಿಯಲ್ಲೇ ತಡೆಯಬೇಕೆನ್ನುವುದು ಅದರಿಂದ ಸುಳ್ಳಾಗುವುದಿಲ್ಲ.

ಬಿಬಿಎಂಪಿಯ ಚುನಾಯಿತ ಅವಧಿ 2020ರ ಸೆಪ್ಟೆಂಬರಿಗೆ ಮುಗಿಯಿತು. 2025ರ ಸೆಪ್ಟೆಂಬರಿನಲ್ಲಿ ನಗರ ಐದು ಪಾಲಿಕೆಗಳಾಗಿ ಒಡೆದು, ಪಶ್ಚಿಮಕ್ಕೆ ತನ್ನದೇ ಪಾಲಿಕೆ ಬಂತು. ವಾರ್ಡುಗಳ ಗಡಿಯನ್ನು ಹೊಸದಾಗಿ ಬರೆದಿರುವ ಈ ಕಾಲದಲ್ಲೇ ಠಾಣೆಗಳ ಬೀಟುಗಳನ್ನು ವಾರ್ಡಿಗೆ ಹೊಂದಿಸುವುದು ಸುಲಭ. ಮತ್ತೆ ಹತ್ತಿಪ್ಪತ್ತು ವರ್ಷ ಇಂಥ ಅವಕಾಶ ಬರಲಾರದು. ಪೊಲೀಸ್ ಕಮಿಷನರ್ ಕಚೇರಿ ಪ್ರತಿ ತಿಂಗಳೂ ಹೆಸರಿಲ್ಲದ, ಬೀಟುವಾರು ಲೆಕ್ಕವನ್ನು ಪಶ್ಚಿಮ ಪಾಲಿಕೆಗೆ ಕೊಡಲಿ. ಆ ಜಾಗಗಳಲ್ಲಿ ಏನು ಸರಿಪಡಿಸಿದೆವೆಂದು ಪಾಲಿಕೆ ಮೂರು ತಿಂಗಳಿಗೊಮ್ಮೆ ವಾರ್ಡ್ ಸಮಿತಿಯ ಮುಂದೆ ಉತ್ತರ ಹೇಳಲಿ. ಇದಕ್ಕೆ ಹೊಸ ಕಾಯ್ದೆ ಬೇಕಿಲ್ಲ, ಒಂದು ಸುತ್ತೋಲೆ ಸಾಕು. ರಾಜಾಜಿನಗರ, ವಿಜಯನಗರ, ಬಸವೇಶ್ವರನಗರ, ಕೆಂಗೇರಿಯ ನಿವಾಸಿಗಳ ಸಂಘಗಳು ಬರುವ ಡಿಸೆಂಬರಿನ ಮಾಸಾಚರಣೆಗೆ ಠಾಣೆಯವರು ಕರೆದಾಗ ಹೋಗಿ, ಕರಪತ್ರದ ಜೊತೆಗೆ ತಮ್ಮ ಬೀಟಿನ ನಕ್ಷೆಯನ್ನೂ ಕೇಳಿ ಪಡೆಯಬೇಕು.